ಕಪ್ಪು ಹಲಗೆಯ ಮೇಲಿನ ಒಂಬತ್ತು ತಲೆಕಟ್ಟು

ಬೀರುವಿನ ಕೆಳಗಿನ ಖಾನೆ ಎಳೆದೊಡನೆ ಟರ್ಪೆಂಟೈನ್ ವಾಸನೆ ಬಂತು. ಕಂಪ್ಯೂಟರ್ ಸಾಮಾನುಗಳಿಗೆ ಧೂಳಿನ ವಾಸನೆ ಇರುವುದುಂಟು, ಹೆಚ್ಚೆಂದರೆ ಸುಟ್ಟ ವೈರಿನದು. ಟರ್ಪೆಂಟೈನ್ ವಾಸನೆಯ ಕಂಪ್ಯೂಟರ್ ಸಾಮಾನು ನಮ್ಮ ಸೀಮೆಯಲ್ಲಿ ಇದೊಂದೇ ಇದ್ದೀತು. ಸುತ್ತಿದ್ದ ಬಟ್ಟೆ ಬಿಚ್ಚಿದೆ. ಆ ಬಟ್ಟೆಯೂ ಪಕ್ಕದ ಮಳಿಗೆಯಲ್ಲಿದ್ದ ಪೇಂಟರದೇ, ಕುಂಚ ಒರೆಸುತ್ತಿದ್ದದ್ದು. ಒಳಗೆ ಶಾಲೆಯ ಸ್ಲೇಟಿಗಿಂತ ಸ್ವಲ್ಪ ದೊಡ್ಡದಾದ ಕಪ್ಪು ಪ್ಲಾಸ್ಟಿಕ್ ಹಲಗೆ. ಇದರ ಮೇಲೆ ಇದರದೇ ಪೆನ್ನಿನಿಂದ ಗೀಚಿದರೆ ಗೆರೆ ಕಂಪ್ಯೂಟರಿನ ಪರದೆಯ ಮೇಲೆ ಮೂಡುತ್ತದೆ. ಮೂಡಬೇಕು ಎಂದು ಡಬ್ಬಿಯ ಮೇಲೆ ಬರೆದಿತ್ತು. ಹಲಗೆಯ ಮೇಲೆ ಹಳದಿ ಎನಾಮೆಲ್ ಬಣ್ಣದಲ್ಲಿ ಸಾಲಾಗಿ ಒಂಬತ್ತು ತಲೆಕಟ್ಟು. ಕೆಳಗೆ ಅಕ್ಷರವಿಲ್ಲ. ಬರೀ ತಲೆಕಟ್ಟು.

ಇದನ್ನು ಹೊರತೆಗೆಯುವಂತೆ ಮಾಡಿದ್ದು ಶಿರಾದಿಂದ ಬಂದ ಒಂದು ಫೋನು. ಅಲ್ಲಿ ರೇಡಿಯಂ ಅಂಗಡಿ ಇಟ್ಟಿರುವ ಹೆಣ್ಣುಮಗಳು ಮಾಡಿದ್ದು. ಬಸ್ಸು, ಬೈಕು, ಗಾಜಿನ ಬಾಗಿಲು, ಎಲ್ಲಕ್ಕೂ ಹೊಳೆಯುವ ಸ್ಟಿಕರನ್ನು ಯಂತ್ರದಲ್ಲಿ ಕತ್ತರಿಸಿ ಅಂಟಿಸುವುದು ಆಕೆಯ ಕಸುಬು.

"ಸಾರ್, ಪೇಂಟರ್ ತಾತನ ಅಕ್ಷರದ ಫೈಲು ನಿಮ್ಮತ್ರ ಐತಲ್ವಾ? ಅಂಗ್ಡಿ ಶಟ್ರು ತೆಗೆಸಿ ಗ್ಲಾಸ್ ಬಾಗ್ಲು ಹಾಕಿಸ್ತಿದೀನಿ. ಹೆಸ್ರು ಅದೇ ಅಕ್ಷರದಾಗೆ ಕಟ್ ಮಾಡ್ಕಳಣ ಅಂತ."

ಹುಡುಕಿ ನೋಡ್ತೀನಮ್ಮ ಎಂದೆ. ಹುಡುಕುವುದೇನೂ ಇರಲಿಲ್ಲ. ಎಲ್ಲಿದೆ ಎಂದು ಗೊತ್ತಿದ್ದುದರಿಂದಲೇ ಇಷ್ಟು ವರ್ಷ ಆ ಖಾನೆಯನ್ನು ಎಳೆದಿರಲಿಲ್ಲ...

ನಾನು ಮಧುಗಿರಿಯಲ್ಲಿ ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದವನು. ಟೈಪ್‌ರೈಟರುಗಳ ಕಾಲ ಮುಗಿದ ಮೇಲೆ ಹೊರಗಿನ ಬೋರ್ಡು ಹಾಗೇ ಬಿಟ್ಟು ಒಳಗೆ ಕಂಪ್ಯೂಟರ್ ತಂದಿಟ್ಟೆ. ಅರ್ಜಿ, ಕರಾರುಪತ್ರ, ಲಗ್ನಪತ್ರಿಕೆ ಮಾಡಿಕೊಡುತ್ತಿದ್ದೆ. ಊರಿನ ಬೇರೆಲ್ಲ ಅಂಗಡಿಗಳಲ್ಲಿ ಇದ್ದದ್ದು ಕದ್ದ ಸಾಫ್ಟ್‌ವೇರು. ಅಂಥದ್ದು ನನ್ನ ಹೊಸ್ತಿಲು ದಾಟಕೂಡದೆಂದು ಕಂಪ್ಯೂಟರಿಗೆ ಲಿನಕ್ಸ್ ಎಂಬ, ಯಾರಿಂದಲೂ ಕದಿಯಬೇಕಿಲ್ಲದ ವ್ಯವಸ್ಥೆ ಹಾಕಿಕೊಂಡೆ. ಪುಕ್ಕಟೆ ಸಿಗುತ್ತದೆ ಎಂಬುದು ಕಾರಣವಲ್ಲ, ತತ್ವ ಕಾರಣ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದೆ. ಅದರಲ್ಲಿ ಅರ್ಧ ನಿಜವಿತ್ತು.

ನನ್ನ ಗೋಡೆಗೆ ಅಂಟಿಕೊಂಡ ಮಳಿಗೆ ಪೇಂಟರದು. ಆಂಧ್ರದ ಗಡಿಗೆ ಹತ್ತಿರದ ನಿಡುಗಲ್ ಕಡೆಯಿಂದ ಬಂದವರು. ಮಾತು ಕನ್ನಡ, ಸಿಟ್ಟು ತೆಲುಗು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ನಡುವೆ ಓಡಾಡುವ ಖಾಸಗಿ ಬಸ್ಸುಗಳ ಹಣೆಯ ಮೇಲಿನ ಊರ ಹೆಸರುಗಳೆಲ್ಲ ಅವರ ಕೈಯವು. ಓದಲು ಬಾರದ ಮುದುಕಿಯರು ತೋವಿನಕೆರೆ ಬಸ್ಸನ್ನು ಅವರು ಬರೆದ 'ತೋ' ತಲೆಯ ಮೇಲಿನ ಕೊಕ್ಕೆ ನೋಡಿ ಹತ್ತುತ್ತಿದ್ದರು. ಇದು ಅವರಿಗೆ ಗೊತ್ತಿತ್ತು. ಗೊತ್ತಿದ್ದದ್ದು ಸ್ವಲ್ಪ ಹೆಚ್ಚೇ ಆಗಿತ್ತು.

ಅವರಿಗೆ ಲೋಕದಲ್ಲಿ ಯಾವ ಅಕ್ಷರವೂ ಸರಿಬರುತ್ತಿರಲಿಲ್ಲ. ಬೆಳಿಗ್ಗೆ ಟೀ ಲೋಟ ಹಿಡಿದು ಬಸ್‌ಸ್ಟ್ಯಾಂಡಿನ ಫ್ಲೆಕ್ಸುಗಳ ಮುಂದೆ ನಿಂತು, ಯಾರದೋ ಹುಟ್ಟುಹಬ್ಬದ ಶುಭಾಶಯವನ್ನು ಡಾಕ್ಟರು ನಾಲಿಗೆ ನೋಡುವಂತೆ ನೋಡುತ್ತಿದ್ದರು. "ಥೂ, ಇದೇಂ ರಾತ, ಇದೂ ಒಂದು ಬರವಣಿಗೆನಾ. ಎಲ್ಲಾ ಒಂದೇ ತಾಯಿ ಮಕ್ಳಂಗವೆ, ಒಂದಕ್ಕೂ ತಾಯಿ ಮುಖ ಬಂದಿಲ್ಲ" ಎನ್ನುತ್ತಿದ್ದರು. ನನ್ನ ಟೈಪಿಂಗಿನ ಬಗ್ಗೆ, ಅದು ಬರವಣಿಗೆಯಲ್ಲ, ಸುತ್ತಿಗೆ ಕೆಲಸ ಎಂಬ ಅಭಿಪ್ರಾಯ. ಅವರ ಬಗ್ಗೆ ನನ್ನ ಅಭಿಪ್ರಾಯವೂ ಮೇಲ್ಮಟ್ಟದ್ದೇನಲ್ಲ. ಕಾಲ ತಿಳಿಯದ ಮನುಷ್ಯ, ಕೈಯಲ್ಲಿ ಕುಂಚ ಇರುವುದರಿಂದ ತನ್ನನ್ನು ಬ್ರಹ್ಮನೆಂದುಕೊಂಡಿದ್ದಾನೆ ಎಂದು. ಹೀಗೆ ಒಂದೇ ಗೋಡೆಯ ಎರಡು ಕಡೆ ಇಬ್ಬರು ತಿರಸ್ಕಾರಸಂಪನ್ನರು ಸುಖವಾಗಿ ಬಾಳಿಕೊಂಡಿದ್ದೆವು.

ಒಂದು ಬೇಸಿಗೆಯ ಕೊನೆಗೆ ಬಸ್ಸಿನ ಓನರ್ರು ಬಂದರು. ಪೇಂಟರ ಮಳಿಗೆಯ ಮುಂದೆ ನಿಂತು ಹೇಳಿದ್ದು ನನಗೂ ಕೇಳಿಸಿತು.

"ಪೇಂಟರ್ರೇ, ಆಯುಧಪೂಜೆಗೆ ಎಲ್ಲಾ ಗಾಡಿಗೂ ರೇಡಿಯಂ ಹಾಕಿಸ್ತಿದೀನಿ. ಕತ್ಲಾಗೆ ಹೊಳೀತವೆ. ನಿಮ್ಮಕ್ಷರನೇ ಇರ್ಬೇಕು ಅಂದ್ರೆ ಕಂಪ್ಯೂಟರ್ನಾಗೆ ಬರ್ಕೊಡಿ, ಬ್ಯಾಡ ಅನ್ನಲ್ಲ. ಇಲ್ಲಾಂದ್ರೆ ಅವ್ರತ್ರ ಇರೋದ್ನೇ ಅಂಟಿಸ್ಬುಡ್ತಾರೆ."

ಆ ದಿನ ಪೇಂಟರು ಯಾರನ್ನೂ ಬೈಯಲಿಲ್ಲ. ಸಂಜೆಗೆ ನನ್ನ ಬಾಗಿಲಲ್ಲಿ ನಿಂತರು. ಅಷ್ಟು ವರ್ಷದಲ್ಲಿ ಅವರು ನನ್ನ ಹೊಸ್ತಿಲು ತುಳಿದದ್ದು ಅದೇ ಮೊದಲು.

"ಮೇಷ್ಟ್ರೇ, ನಿಮ್ ಪೆಟ್ಗೆ ಒಳಗೆ ನನ್ ಕೈ ಹಿಡಿಸ್ತದಾ?"

ನಾನು ನ್ಯಾಯಾಧೀಶನ ಗಾಂಭೀರ್ಯದಿಂದ, ಸಾಮಾನು ತನ್ನಿ, ಎರಡು ದಿನ ಕೊಡಿ ಎಂದೆ.

ಸಾಮಾನು ಬಂದದ್ದು ರೇಡಿಯಂ ಅಂಗಡಿಯಿಂದಲೇ. ಆಕೆಗೆ ತನ್ನ ಶಟರಿನ ಮೇಲೆ ಹೆಸರು ಬೇಕಿತ್ತು. ಬಿಸಿಲಿಗೆ ಸ್ಟಿಕರ್ ಸುಲಿಯುತ್ತದೆಂದು ಬಲ್ಲವಳಾದ್ದರಿಂದ ಪೇಂಟರನ್ನು ಕರೆಸಿ ಕುಂಚದಲ್ಲಿ ಬರೆಸಿದಳು. ಕೂಲಿಯ ಬದಲಿಗೆ ತನ್ನ ಹಳೆಯ ಹಲಗೆಯನ್ನೂ ಪೆನ್ನನ್ನೂ ಕೊಟ್ಟಳು. ಪೇಂಟರು ಆಕೆಗೆ ನನ್ನ ಅಂಗಡಿಯ ಫೋನ್ ನಂಬರು ಕೊಟ್ಟು ಬಂದಿದ್ದರು. ಆ ನಂಬರಿನ ವಿಷಯ ಮುಂದೆ ಬರುತ್ತದೆ.

ಹಲಗೆಯನ್ನು ನನ್ನ ಕಂಪ್ಯೂಟರಿಗೆ ಸಿಕ್ಕಿಸಿದೆ. ಪೇಂಟರು ಕೂತರು, ಹಲಗೆಯನ್ನು ತೊಡೆಯ ಮೇಲೆ ಓರೆಯಾಗಿ ಇಟ್ಟುಕೊಂಡು ಪೆನ್ನನ್ನು ಎಡಕ್ಕಿದ್ದ ಟೀ ಲೋಟಕ್ಕೆ ಅದ್ದಿದರು. ಅಭ್ಯಾಸಬಲ. ಒರೆಸಿಕೊಟ್ಟೆ. ಗೆರೆ ಎಳೆದರು. ಬಲಕ್ಕೆ ಎಳೆದದ್ದು ಪರದೆಯಲ್ಲಿ ಮೇಲಕ್ಕೆ ಹೋಯಿತು. ಇನ್ನೊಂದು ಎಳೆದರು, ಅದು ಓರೆಗೆ ಓಡಿತು. ದಿಕ್ಕಿನ ಲೆಕ್ಕ ತಪ್ಪಿದೆ, ಡ್ರೈವರಿನ, ಎಂದರೆ ಹಲಗೆಯ ಮಾತನ್ನು ಕಂಪ್ಯೂಟರಿಗೆ ತಿಳಿಸುವ ಪ್ರೋಗ್ರಾಮಿನ, ದೋಷ ಎಂದು ತೀರ್ಪು ಕೊಟ್ಟು ಆರು ದಿನ ಕರಿ ಪರದೆಯ ಮುಂದೆ ಕೂತು ಕಮಾಂಡ್ ಹೊಡೆದೆ. ಹಲಗೆಯನ್ನು ಲೆಕ್ಕದಲ್ಲಿ ತೊಂಬತ್ತು ಡಿಗ್ರಿ ತಿರುಗಿಸಿದೆ, ನೂರೆಂಬತ್ತು ತಿರುಗಿಸಿದೆ, ಕನ್ನಡಿಯಂತೆ ಮಗುಚಿದೆ. ಏಳನೆಯ ದಿನ ಪರದೆ ಬಿಟ್ಟು ಪೇಂಟರ ತೊಡೆಯ ಕಡೆ ನೋಡಿದೆ. ಬೋರ್ಡು ಬರೆಯುವವರು ಸುತ್ತು ಬರೆಯುವಾಗ ಮಣಿಕಟ್ಟು ತಿರುಗಿಸುವುದಿಲ್ಲ. ಬೋರ್ಡನ್ನೇ ತಿರುಗಿಸುತ್ತಾರೆ. ಅವರು ಗೆರೆಗೊಮ್ಮೆ ಹಲಗೆಯನ್ನು ರೊಟ್ಟಿಯಂತೆ ತಿರುವುತ್ತಿದ್ದರು. ಆರು ದಿನ ನಾನು ಅವರ ಕೈಯ ಹಿಂದೆ ಡಿಗ್ರಿ ಹಿಡಿದುಕೊಂಡು ಓಡಿದ್ದೆ.

ಅರ್ಜಿಗಳ ಕಟ್ಟು ಬಿಗಿಯುವ ಹುರಿಯಿಂದ ಹಲಗೆಯನ್ನು ಮೇಜಿಗೆ ಕಟ್ಟಿಹಾಕಿದೆ. ಬೋರ್ಡು ತಿರುಗದಿದ್ದರೆ ಏನಾಯಿತು, ಪೇಂಟರೇ ತಿರುಗತೊಡಗಿದರು. ಸುತ್ತು ಬಂದಾಗಲೆಲ್ಲ ಎದ್ದು ಮೇಜಿನ ಆ ಮಗ್ಗುಲಿಗೆ ಹೋಗಿ, ಪರದೆಯನ್ನು ಕತ್ತು ಹೊರಳಿಸಿ ನೋಡುತ್ತಾ ಬರೆಯುವರು. ಒಂದು 'ಧ'ಕ್ಕೆ ಎರಡು ಪ್ರದಕ್ಷಿಣೆ. ಅರ್ಜಿ ಟೈಪ್ ಮಾಡಿಸಲು ಬಂದ ಜನ ಮೆಟ್ಟು ಬಾಗಿಲಲ್ಲಿ ಬಿಟ್ಟು ಒಳಗೆ ಬರುವಷ್ಟು ಭಕ್ತಿಯ ವಾತಾವರಣ.

ಹಲಗೆಯ ಮಗ್ಗುಲಲ್ಲಿ ನಾಲ್ಕು ಗುಂಡಿಗಳಿದ್ದವು. ಅವನ್ನು ಕೆಲಸಕ್ಕೆ ಹಚ್ಚಲು ನನಗೆ ಮೂರು ವಾರ ಹಿಡಿಯಿತು. ಕೊನೆಗೆ ಒಂದು ಗುಂಡಿ ಒತ್ತಿದರೆ ಹಿಂದಿನ ಗೆರೆ ಅಳಿಸಿಹೋಗುವಂತೆ ಮಾಡಿ, ಕೊಳವೆ ಬಾವಿಯಲ್ಲಿ ನೀರು ಬಂದವನ ಹಾಗೆ ಅವರನ್ನು ಕರೆದು ತೋರಿಸಿದೆ.

"ತಪ್ಪು ಅಳ್ಸಾಕೆ ಗುಂಡಿ ಯಾಕೆ ಮೇಷ್ಟ್ರೇ, ತಪ್ಪು ಬರೀಬಾರ್ದು" ಎಂದರು. ಆ ಗುಂಡಿಯನ್ನು ಅವರು ಕೊನೆಯವರೆಗೂ ಮುಟ್ಟಲಿಲ್ಲ.

ಅವರ ಪದ್ಧತಿ ಒಂದಿತ್ತು. ಅಕ್ಷರದ ಮೈಯನ್ನು ಮೊದಲು ಅಂಚು ಎಳೆದು ತುಂಬುವುದು. ತಲೆಕಟ್ಟು, ಗುಡಿಸು, ಕೊಕ್ಕೆ, ಹೀಗೆ ಮೇಲಿನದ್ದನ್ನೆಲ್ಲ ಬಿಟ್ಟುಕೊಂಡು ಹೋಗುವುದು. ಇಡೀ ಸಾಲು ಮುಗಿದ ಮೇಲೆ ಕುಂಚವನ್ನು ಹೊಸದಾಗಿ ಅದ್ದಿ, ಕೂತಲ್ಲಿಂದ ಏಳದೆ ಎಲ್ಲ ತಲೆಕಟ್ಟುಗಳನ್ನೂ ಒಂದೇ ಓಟದಲ್ಲಿ ಇಡುವುದು. ಒಂದೊಂದನ್ನು ಒಂದೊಂದು ಹೊತ್ತಿನಲ್ಲಿ ಇಟ್ಟರೆ ಮನೆಯವರೆಲ್ಲ ಬೇರೆಬೇರೆ ಮದುವೆಗೆ ಹೊರಟ ಹಾಗೆ ಕಾಣುತ್ತದೆ ಎಂದು ಅವರ ಸಿದ್ಧಾಂತ. ಮೈಗೆ ಅಂಚು ಸಾಕು. ತಲೆಕಟ್ಟಿಗೆ ಮಾತ್ರ ಕೈಯ ಭಾರ ಬೇಕು. ಮೊದಲು ಕುಂಚದ ಹೊಟ್ಟೆ ಕೂರುವಷ್ಟು ಒತ್ತಿ, ಎಳೆಯುತ್ತಾ ಹಗುರಾಗಿ, ತುದಿಯಲ್ಲಿ ಕೂದಲೆಳೆಯಾಗಿ ಎತ್ತಿಬಿಡುವುದು.

ಈ ಹಲಗೆಯ ಮಹಿಮೆಯೂ ಅದೇ. ಪೆನ್ನನ್ನು ಒತ್ತಿದಷ್ಟು ಗೆರೆ ದಪ್ಪ, ಎತ್ತಿದಷ್ಟು ಸಣ್ಣ. ನನ್ನ ಕಂಪ್ಯೂಟರಿನಲ್ಲಿ ಅದೊಂದು ಬಿಟ್ಟು ಉಳಿದೆಲ್ಲ ಆಯಿತು. ಹೆಬ್ಬೆರಳು ಬೆಳ್ಳಗಾಗುವ ಹಾಗೆ ಒತ್ತಿದರೂ ಒಂದೇ ದಪ್ಪ, ಸವರಿದರೂ ಒಂದೇ ದಪ್ಪ. ಪೇಂಟರು ಒಂದು ತಲೆಕಟ್ಟು ಎಳೆದು ನೋಡಿ, "ಇದು ಗೆರೆ ಅಲ್ಲ ಮೇಷ್ಟ್ರೇ, ತಂತಿ. ಬಟ್ಟೆ ಒಣಹಾಕ್ಬೋದು ಅಷ್ಟೇ" ಎಂದು ಪೆನ್ನು ಕೆಳಗಿಟ್ಟರು.

ನಾನು ಇಂಟರ್‌ನೆಟ್ಟಿನ ಲಿನಕ್ಸ್ ಪಂಡಿತರ ಮೊರೆಹೊಕ್ಕೆ. ಜಾತಕದವರು ನಕ್ಷತ್ರ, ಪಾದ, ಲಗ್ನ ಕೇಳುವಂತೆ ಅವರು ನನ್ನ ಕರ್ನೆಲ್ ಯಾವುದು, ಎಷ್ಟನೆಯದು, ಎಂದು ಹಾಕಿದ್ದು ಎಂದೆಲ್ಲ ಕೇಳಿದರು. ಹೇಳಿದೆ. ಒಬ್ಬ ಪುಣ್ಯಾತ್ಮ ಹದಿನೈದು ದಿನ ಬಿಟ್ಟು, ನನಗೆ ಸರಿಯಾಗಿ ಕೆಲಸ ಮಾಡುತ್ತಿದೆ ಎಂದು ಉತ್ತರಿಸಿದ. ಜ್ವರ ಎಂದು ಹೋದವನಿಗೆ ಡಾಕ್ಟರು ತನ್ನ ಆರೋಗ್ಯ ಚೆನ್ನಾಗಿದೆ ಎಂದ ಹಾಗಾಯಿತು. ಇನ್ನೊಬ್ಬ, ಡ್ರೈವರನ್ನು ನೀವೇ ಕಟ್ಟಿಕೊಳ್ಳಿ ಎಂದ. ಕಟ್ಟಿದೆ. ಮೂರು ಸಲ ಕಟ್ಟಿದೆ. ಒಂದು ಸಲ ಪ್ರಿಂಟರೇ ನಿಂತುಹೋಗಿ ಎರಡು ಮದುವೆಗಳ ಲಗ್ನಪತ್ರಿಕೆ ತಡವಾಯಿತು. ಆ ದಿನಗಳಲ್ಲಿ ನನ್ನಷ್ಟು ಶ್ರದ್ಧೆಯಿಂದ ನಿಷ್ಪ್ರಯೋಜಕನಾಗಿದ್ದವನು ತಾಲ್ಲೂಕಿನಲ್ಲಿ ಇನ್ನೊಬ್ಬನಿರಲಾರ.

ಪೇಂಟರು ದಿನಾ ಬರುತ್ತಿದ್ದರು. ಮಳೆಗಾಲ ಕಳೆಯುವ ಹೊತ್ತಿಗೆ ಎಲ್ಲ ಅಕ್ಷರಗಳ ಮೈ ಮುಗಿಸಿದ್ದರು. ಪ್ರತಿದಿನ ಹೊರಡುವಾಗ ಆ ಪ್ಲಾಸ್ಟಿಕ್ ಪೆನ್ನನ್ನು ತಮ್ಮ ಬಟ್ಟೆಯಿಂದ ಬುಡದಿಂದ ತುದಿಯವರೆಗೆ ಒರೆಸಿ, ತುದಿ ಮೇಲೆ ಮಾಡಿ ನನ್ನ ಲೋಟದಲ್ಲಿ ನಿಲ್ಲಿಸುವರು. ಅದಕ್ಕೆ ಬಣ್ಣವೇ ಅಂಟಿಲ್ಲವಲ್ಲ ಎಂದರೆ, "ಕೆಲ್ಸ ಮಾಡೈತಲ್ಲ" ಎನ್ನುವರು. ನಾನು ಗೋಡೆಯ ಕಡೆ ತಿರುಗಿ ನಗುತ್ತಿದ್ದೆ.

ಆಯುಧಪೂಜೆಗೆ ಇನ್ನು ಹದಿನೈದು ದಿನವಿದೆ ಎನ್ನುವಾಗ ರೇಡಿಯಂ ಅಂಗಡಿಯವಳ ಆ ಫೋನು ಬಂತು.

"ಸಾರ್, ಇನ್ನೂ ಆಗಿಲ್ವಂತೆ. ತಾತನ್ನ ಒಂದಿನ ಇಲ್ಲಿಗ್ ಕಳ್ಸಿ ಸಾಕು. ನಮ್ ಸಿಸ್ಟಮ್ನಾಗೆ ಪೆನ್ನು ಪ್ರೆಶರ್ ಎಲ್ಲಾ ಸೆಟ್ಟಾಗೈತೆ. ತಲೆಕಟ್ಟು ಹಾಕೋದು ಒಂದು ಗಂಟೆ ಕೆಲ್ಸ."

ಅಲ್ಲಿದ್ದದ್ದು ಕದ್ದ ಸಾಫ್ಟ್‌ವೇರು. ನಾನು ನಾಲ್ಕು ತಿಂಗಳಿಂದ ತತ್ವ ಕಟ್ಟಿಕೊಂಡು ಕೂತವನು. ಬೇಡಮ್ಮ, ಇಲ್ಲೇ ನಾಳೆ ನಾಡಿದ್ದರಲ್ಲಿ ಆಗಿಬಿಡುತ್ತದೆ ಎಂದು ಫೋನಿಟ್ಟೆ. ಪೇಂಟರು ಅಲ್ಲೇ, ಮೂರಡಿ ದೂರದಲ್ಲಿ, ಮೇಜಿನ ಆ ಮಗ್ಗುಲಲ್ಲಿ 'ಡ'ದ ಬಾಲ ತಿದ್ದುತ್ತಿದ್ದರು. ಯಾರು ಎಂದು ಕೇಳಿದರು. ಯಾರೋ ಲಗ್ನಪತ್ರಿಕೆಯವರು ಎಂದೆ.

ಇದನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ...

ಹಬ್ಬಕ್ಕೆ ಎಂಟು ದಿನವಿರುವಾಗ ಓನರ್ರು ಬಂದರು. ಪರದೆಯ ಮೇಲೆ ಪಾವಗಡ, ಮಧುಗಿರಿ, ತೋವಿನಕೆರೆ ಎಲ್ಲವೂ ಸಾಲಾಗಿ ನಿಂತಿದ್ದವು, ನೆತ್ತಿ ಬೋಳಾಗಿ.

"ಏನ್ ಪೇಂಟರ್ರೇ, ಎಲ್ಲಾ ತಿರುಪತಿಗೆ ಹೋಗ್ಬಂದಂಗವೆ" ಎಂದು ನಕ್ಕರು. ಕೆಟ್ಟ ಮನುಷ್ಯರಲ್ಲ. ಇನ್ನೆರಡು ದಿನ ಕಾಯುತ್ತೇನೆಂದು ಮೂರು ದಿನ ಕಾದರು. ನಾನು ನಾಲ್ಕನೆಯ ಸಲ ಡ್ರೈವರ್ ಕಟ್ಟಿದೆ.

ಹಬ್ಬದ ಬೆಳಿಗ್ಗೆ ಬಸ್ಸುಗಳು ಬಾಳೆಕಂದು ಕಟ್ಟಿಕೊಂಡು, ಚಕ್ರದ ಮುಂದೆ ಬೂದುಗುಂಬಳಕಾಯಿ ಒಡೆಸಿಕೊಂಡು ಸ್ಟ್ಯಾಂಡಿಗೆ ಬಂದವು. ಹಣೆಯ ಮೇಲೆ ರೇಡಿಯಂ. ಕಂಪ್ಯೂಟರಿನ ಅಕ್ಷರ, ಫ್ಲೆಕ್ಸಿನಲ್ಲಿರುವಂಥದ್ದೇ. ಪೇಂಟರು ನನ್ನ ಅಂಗಡಿಯ ಮುಂದೆ ನಿಂತು ಒಂದೊಂದಾಗಿ ಓದಿದರು. ಬೈಯುತ್ತಾರೆಂದು ಕಾದೆ. ಒಬ್ಬ ಮುದುಕಿ ಕೈಚೀಲ ಹಿಡಿದು ಬಸ್ಸುಗಳ ಮುಂದೆ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಹೋಗಿ, ಕೊನೆಗೆ ಇವರ ಹತ್ತಿರ ಬಂದಳು.

"ತೋವಿನ್‌ಕೆರೆ ಬಸ್ಸು ಇವತ್ತು ಬಂದಿಲ್ವೇನಪ್ಪಾ?"

"ಬಂದೈತೆ ಕಣಮ್ಮ. ಅಗಾ, ಅದೇಯ" ಎಂದು ಕೈ ತೋರಿಸಿದರು. ಅವಳು ಆ ಬಸ್ಸಿನ ಹಣೆಯನ್ನು ನೋಡಿದಳು, ಇವರ ಮುಖ ನೋಡಿದಳು, ನಂಬಿಕೆಯಿಲ್ಲದೆ ಹೋಗಿ ಕಂಡಕ್ಟರನ್ನು ಇನ್ನೊಮ್ಮೆ ಕೇಳಿದಳು.

ಪೇಂಟರು ತಮ್ಮ ಮಳಿಗೆಗೆ ಹೋಗಿ ಹಳದಿ ಬಣ್ಣದ ಸಣ್ಣ ಡಬ್ಬಿ, ಕುಂಚ ತಂದರು. ನನ್ನನ್ನು ಕೇಳಲಿಲ್ಲ. ಹುರಿ ಬಿಚ್ಚಿ, ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು, ತಮಗೆ ಬೇಕಾದ ಹಾಗೆ ತಿರುಗಿಸಿಕೊಂಡರು. ಕುಂಚ ಅದ್ದಿ ಡಬ್ಬಿಯ ಅಂಚಿಗೆ ಎರಡು ಸಲ ಸವರಿದರು. ಆಮೇಲೆ ಒಂದೇ ಓಟದಲ್ಲಿ ಒಂಬತ್ತು ತಲೆಕಟ್ಟು. ನಾನು ನೋಡುತ್ತಾ ನಿಂತೆ. ನಿಲ್ಲಿಸಿ ಎನ್ನಬೇಕೆಂದು ಹೊಳೆಯಲೇ ಇಲ್ಲ. ಒಂಬತ್ತೂ ಒಂದೇ ಮದುವೆಗೆ ಹೊರಟಿದ್ದವು.

"ಮೇಷ್ಟ್ರೇ, ಒತ್ತೋದು, ಎತ್ತೋದು ಅಂದ್ರೆ ಇದು. ನಿಮ್ ಲಿನಕ್ಸ್‌ಗೆ ತೋರ್ಸಿ, ಕಲ್ತ್ಕಳ್ಳಿ."

ಕುಂಚ ಒರೆಸಿಕೊಂಡರು. ಪ್ಲಾಸ್ಟಿಕ್ ಪೆನ್ನನ್ನೂ ಒರೆಸಿ ಲೋಟದಲ್ಲಿ ನಿಲ್ಲಿಸಿದರು. ಬಟ್ಟೆಯನ್ನು ಮೇಜಿನ ಮೇಲೇ ಬಿಟ್ಟುಹೋದರು.

ಒಂದು ತಿಂಗಳಾದ ಮೇಲೆ ರೇಡಿಯಂ ಅಂಗಡಿಯವಳು ಯಾವುದೋ ಕೆಲಸಕ್ಕೆ ಮಧುಗಿರಿಗೆ ಬಂದವಳು ನನ್ನಲ್ಲಿಗೂ ಬಂದಳು. ಹಲಗೆಯ ಮೇಲಿನ ಬಣ್ಣ ನೋಡಿದಳು. ಕಂಪ್ಯೂಟರಿನ ಮುಂದೆ ಕೂತು, ಚಿತ್ರ ಬರೆಯುವ ಪ್ರೋಗ್ರಾಂ ತೆರೆದು, ಅದರ ಸೆಟಿಂಗಿನ ಒಳಗೆ ಇನ್ನೊಂದು ಸೆಟಿಂಗಿಗೆ ಹೋದಳು.

"ಸಾರ್, ಇಲ್ಲಿ ಪೆನ್ನು ಆಫ್ ಆಗೈತಲ್ಲ. ಮೌಸ್ ಥರ ನಡೀತೈತೆ ಅಷ್ಟೇ" ಎಂದು ಒಂದು ಕಡೆ ಒತ್ತಿದಳು. ಹಲಗೆಯ ಮೂಲೆಯಲ್ಲಿ ಬಣ್ಣವಿಲ್ಲದ ಕಡೆ ಪೆನ್ನು ಎಳೆದಳು. ಗೆರೆ ದಪ್ಪಗೆ ಹುಟ್ಟಿ ಸಣ್ಣಗೆ ಮುಗಿಯಿತು. ಡ್ರೈವರಿಗೆ ಏನೂ ಆಗಿರಲಿಲ್ಲ. ಲಿನಕ್ಸಿಗೂ ಏನೂ ಆಗಿರಲಿಲ್ಲ. ಯಂತ್ರದ ಹೊಟ್ಟೆ ನಾಲ್ಕು ಸಲ ಬಗೆದ ಮಹಾಶಯ ಒಂದು ಮೆನು ಪೂರ್ತಿ ಓದಿರಲಿಲ್ಲ.

ಪಕ್ಕದ ಮಳಿಗೆಗೆ ಹೋಗಿ ಹೇಳಿದೆ. ಎಷ್ಟು ಹೊತ್ತು ಹಿಡಿಯಿತು ಎಂದು ಕೇಳಿದರು. ಅರ್ಧ ನಿಮಿಷ ಎಂದೆ. ನಗುತ್ತಾರೆ ಎಂದುಕೊಂಡಿದ್ದೆ, ನಕ್ಕಿದ್ದರೆ ಚೆನ್ನಾಗಿತ್ತು.

"ಪೋನೀ ಬುಡಿ ಮೇಷ್ಟ್ರೇ. ಯಾವ ಬಸ್ಸಿಗೆ ಬರೀಲಿ ಈಗ?"

ಫೋನಿನ ವಿಷಯ ಆಗಲೇ ಹೇಳಬಹುದಿತ್ತು. ಹೇಳದೆ ನನ್ನ ಅಂಗಡಿಗೆ ವಾಪಸು ಬಂದೆ. ಯುಗಾದಿಯ ಹೊತ್ತಿಗೆ ಅವರು ಮಳಿಗೆ ಖಾಲಿ ಮಾಡಿ ಊರಿಗೆ ಹೋದರು. ಅಲ್ಲೇ ತೀರಿಕೊಂಡರು ಎಂದು ಒಂದು ದಿನ ಪಾವಗಡದ ಬಸ್ಸಿನ ಕಂಡಕ್ಟರು, ಚಿಲ್ಲರೆ ಕೊಡುತ್ತಾ, ನನಗೆ ಗೊತ್ತಿರುತ್ತದೆ ಎಂಬ ಧಾಟಿಯಲ್ಲಿ ಹೇಳಿದ.

ಈಗ ನನ್ನ ಹತ್ತಿರ ಇರುವುದು ಹೊಸ ಲ್ಯಾಪ್‌ಟಾಪು, ಹೊಸ ಲಿನಕ್ಸು. ಹಲಗೆಯನ್ನು ಸಿಕ್ಕಿಸಿದೆ. ಏನೂ ಕೇಳಲಿಲ್ಲ. ಪೆನ್ನು, ಭಾರ, ಗುಂಡಿ, ಎಲ್ಲವೂ ತಾವಾಗಿಯೇ ಎದ್ದು ನಿಂತವು. ನಾಲ್ಕು ತಿಂಗಳು ನನ್ನ ಮುಖ ನೋಡದಿದ್ದ ಸಾಮಾನು ಇಷ್ಟು ವಿನಯದಿಂದ ನಡೆದುಕೊಂಡದ್ದು ಕಂಡು ಅದನ್ನು ಕಿಟಕಿಯಿಂದ ಆಚೆ ಎಸೆಯಬೇಕೆನಿಸಿತು. ಹಲಗೆಯ ಜೊತೆಗೇ ಖಾನೆಯಲ್ಲಿದ್ದ ಪೆನ್‌ಡ್ರೈವಿನಿಂದ ಹಳೆಯ ಫೈಲು ತೆರೆದೆ. ಬೋಳು ನೆತ್ತಿಯ ಅಕ್ಷರಗಳು ಸಾಲಾಗಿ ನಿಂತಿದ್ದವು, ಇನ್ನೂ ಕಾಯುತ್ತಾ.

ಎನಾಮೆಲ್ ಗಟ್ಟಿಯಾಗಿ ಸಣ್ಣ ಏಣಿನಂತೆ ಎದ್ದಿದೆ. ಪೆನ್ನಿನ ತುದಿಯನ್ನು ಮೊದಲನೆಯ ತಲೆಕಟ್ಟಿನ ಅಂಚಿಗೆ ಇಟ್ಟು, ಅದರ ಗುಂಟ ಎಳೆದೆ. ಪರದೆಯ ಮೇಲೆ ಗೆರೆ ಬಂತು. ಹೋದ ದಾರಿ ಸರಿಯಾಗಿತ್ತು. ಆದರೆ ಒತ್ತಬೇಕಾದಲ್ಲಿ ನನ್ನ ಕೈ ಹೆದರಿತ್ತು, ಎತ್ತಬೇಕಾದಲ್ಲಿ ಊರಿತ್ತು. ಒಂಬತ್ತನ್ನೂ ಎಳೆದೆ. ಒಂಬತ್ತು ಎರೆಹುಳ. ಅಳಿಸುವ ಗುಂಡಿಯನ್ನು ಒಂಬತ್ತು ಸಲ ಒತ್ತಿದೆ. ಮೂರು ವಾರ ಕಷ್ಟಪಟ್ಟು ಕೆಲಸಕ್ಕೆ ಹಚ್ಚಿದ್ದ ಗುಂಡಿ, ಕೊನೆಗೂ ಉಪಯೋಗಕ್ಕೆ ಬಂತು.

ಆಮೇಲೆ ಹೊಳೆಯಿತು, ಅವರ ಕೈಯ ತಲೆಕಟ್ಟು ಅಕ್ಷರದ ಮೇಲೆಯೇ ಕೂತಿರುವ ಜಾಗ ಇನ್ನೊಂದು ಇದೆಯಲ್ಲ ಎಂದು. ಶಿರಾಕ್ಕೆ ಫೋನ್ ಮಾಡಿ, ಆ ಶಟರನ್ನು ತೆಗೆಸಬೇಡಿ, ಬಂದು ಫೋಟೋ ಹಿಡಿದುಕೊಳ್ಳುತ್ತೇನೆ ಎಂದೆ.

"ಅಯ್ಯೋ, ನಿನ್ನೇನೇ ಗುಜ್ರಿಯೋರು ತಗಂಡೋದ್ರು ಸಾರ್" ಎಂದಳು.

ಫೈಲನ್ನು ಹಾಗೇ ಕಳಿಸಿದೆ. ಸ್ವಲ್ಪ ಹೊತ್ತಿಗೆ ಉತ್ತರ ಬಂತು. ತಲೆಕಟ್ಟು ಇಲ್ಲದಿದ್ದರೂ ಪರವಾಗಿಲ್ಲ ಸಾರ್, ನಮ್ಮತ್ರ ಇರೋ ಫಾಂಟಿಂದ ತೆಗೆದು ಕೂರಿಸ್ಕೊಂತೀನಿ, ಯಾರಿಗೂ ಗೊತ್ತಾಗಲ್ಲ ಎಂದು.

ಗೊತ್ತಾಗುವವರ ಲೆಕ್ಕ ಹಾಕಿದೆ. ತೋವಿನಕೆರೆಯ ಆ ಮುದುಕಿ ಇದ್ದಾಳೋ ಇಲ್ಲವೋ. ನಾನು ಶಿರಾದ ಕಡೆ ಹೋಗುವುದು ಅಪರೂಪ. ಸರಿಯಮ್ಮ ಎಂದು ಬರೆದು ಕಳಿಸಿದೆ.

ವೈರು ಕಿತ್ತು, ಹಲಗೆಯನ್ನು ಖಾನೆಗೆ ಸೇರಿಸಿದೆ. ಬಟ್ಟೆಯನ್ನು ಮಾತ್ರ ಹೊರಗಿಟ್ಟುಕೊಂಡೆ. ಪೆನ್ನನ್ನು ಅದರಲ್ಲಿ ಬುಡದಿಂದ ತುದಿಯವರೆಗೆ ಒರೆಸಿ, ತುದಿ ಮೇಲೆ ಮಾಡಿ, ಮೇಜಿನ ಮೇಲಿದ್ದ ಲೋಟದಲ್ಲಿ ನಿಲ್ಲಿಸಿದೆ.